ಜೈಬುನ್ ಮೇಡಂ ಬಗ್ಗೆ ನಾನು ಬರೆದ ನಾಲ್ಕು ಸಾಲು

ಹೋದ ವಾರ ಮೊಳಕಾಲ್ಮೂರಿಗೆ ಹೋಗಿದ್ದೆ. ತಂಗಿಯ ಮಗಳ ಮದುವೆಗೆ ಒಂದು ಸೀರೆ ನೋಡೋಣ ಅಂತ ಮಗ್ಗದವರ ಬೀದಿಗೆ ಕಾಲಿಟ್ಟರೆ, ಯಾವುದೋ ಮನೆಯ ಹಿತ್ತಲಲ್ಲಿ ರೇಷ್ಮೆ ನೂಲನ್ನು ಸೋಪಿನ ನೀರಿಗೆ ಹಾಕಿ ಕುದಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮುಖ ಕಾದ ಹೆಂಚಿನಂತಾಯ್ತು. ಜೊತೆಗಿದ್ದ ತಂಗಿ, "ಯಾಕಕ್ಕ, ಬಿಪಿ ಮಾತ್ರೆ ತಗಂಡಿಲ್ವಾ?" ಅಂದಳು. ತಗೊಂಡಿದ್ದೆ. ಆದರೆ ಇದು ಮಾತ್ರೆಗೆ ಇಳಿಯುವ ಬಿಸಿಯಲ್ಲ. ನಾಲ್ಕು ವರ್ಷದ ಹಿಂದೆ ಇದೇ ಬೀದಿಯಲ್ಲಿ, ಇದೇ ವಾಸನೆಯ ನಡುವೆ ಕೂತು, ನಾನು ಒಬ್ಬರ ಮೇಲೆ ಹೊಟ್ಟೆ ಉರಿದುಕೊಂಡಿದ್ದೆ. ಹೊಟ್ಟೆಕಿಚ್ಚು ಅನ್ನುವ ಮಾತನ್ನು ನಮ್ಮ ಹಿರೀಕರು ಸುಮ್ಮನೆ ಕಟ್ಟಿಲ್ಲ ಕಣ್ರೀ. ಎದೆಗಿಂತ ಸ್ವಲ್ಪ ಕೆಳಗೆ ಅದು ನಿಜವಾಗಿಯೂ ಸುಡುತ್ತದೆ.

ನಾನು ಗಿರಿಜಾ, ಚಳ್ಳಕೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಮನೆಯವರದು ಕಡಲೆಕಾಯಿ ಎಣ್ಣೆ ಮಿಲ್ಲು. ಆ ವರ್ಷ ನನಗೆ ಐವತ್ಮೂರು. ಪಾಠ ಅಂದ್ರೆ ಗಿರಿಜಾ ಮೇಡಂದು ಅಂತ ಕಾಲೇಜಲ್ಲಿ ಹೆಸರಿತ್ತು. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯೋದಿಲ್ಲ. ಬೇರೆ ತರಗತಿಯ ಹುಡುಗರು ಬಂದು ಕಿಟಕಿ ಪಕ್ಕ ನಿಂತು ನನ್ನ ಪಾಠ ಕೇಳೋರು.

ಜೈಬುನ್ನಿಸಾ ಮೇಡಂ ಕಾಮರ್ಸ್ ವಿಭಾಗದವರು. ನನಗಿಂತ ನಾಲ್ಕು ವರ್ಷ ದೊಡ್ಡವರು. ಅವರ ಅಪ್ಪನಿಗೆ ಚಳ್ಳಕೆರೆಯಲ್ಲಿ ಲಾರಿ ರಿಪೇರಿ ಗ್ಯಾರೇಜಿತ್ತು, ಈಗ ತಮ್ಮಂದಿರು ನಡೆಸುತ್ತಾರೆ. ಸ್ಟಾಫ್ ರೂಮಲ್ಲಿ ಇಪ್ಪತ್ತೆರಡು ವರ್ಷ ನಾವಿಬ್ಬರೂ ಒಂದೇ ಮೇಜು. ನನ್ನ ಡಬ್ಬಿಯ ರೊಟ್ಟಿ ಅವರಿಗೆ, ಅವರ ಡಬ್ಬಿಯ ಬದನೆಕಾಯಿ ಪಲ್ಯ ನನಗೆ. ನಾನು ತಿನ್ನುತ್ತೇನೆ ಅಂತಲೇ ಕಾಲೇಜಿಗೆ ಬರೀ ತರಕಾರಿ ತರುತ್ತಿದ್ದರು. ಅವರ ಪಾಠ ಮಾತ್ರ ಸುಮಾರು. ಹುಡುಗರು ಆಕಳಿಸೋರು. ಅದು ನನಗೆ ಒಳಗೊಳಗೇ ಒಂಥರಾ ಸಮಾಧಾನ ಕೊಡುತ್ತಿತ್ತು. ಬರೆಯೋಕೆ ಕೂತ ಮೇಲೆ ಇದನ್ನೂ ಮುಚ್ಚಿಡೋದು ಬೇಡ.

ಆ ವರ್ಷ ಆಷಾಢದಲ್ಲಿ ಒಂದು ಸುತ್ತೋಲೆ ಬಂತು. ಪಾಠ, ಕಿರುಪರೀಕ್ಷೆ, ಹಾಜರಿ ಎಲ್ಲವನ್ನೂ ಇನ್ನು ಮೇಲೆ ಕಂಪ್ಯೂಟರಿಗೆ ಏರಿಸಬೇಕು, ಅದಕ್ಕೆ ಸುತ್ತಲಿನ ಕಾಲೇಜುಗಳ ಅಧ್ಯಾಪಕರಿಗೆಲ್ಲ ಮೊಳಕಾಲ್ಮೂರಿನಲ್ಲಿ ಹತ್ತು ಶನಿವಾರ ತರಬೇತಿ. ಕೊನೆಗೆ ಒಂದೊಂದು ಕಾಲೇಜಿಂದ ಒಬ್ಬರನ್ನು ಆರಿಸಿ ತರಬೇತುದಾರರನ್ನಾಗಿ ಮಾಡುತ್ತಾರೆ. ಅವರು ತಮ್ಮ ಕಾಲೇಜಿನ ಉಳಿದವರಿಗೆಲ್ಲ ಕಲಿಸಬೇಕು. ಪ್ರಿನ್ಸಿಪಾಲರು ಎಲ್ಲರ ಮುಂದೆ, "ನಮ್ಮಲ್ಲಿ ಇನ್ಯಾರು, ಗಿರಿಜಾ ಮೇಡಂ ಅವರೇ" ಅಂದುಬಿಟ್ಟರು.

ನನಗೆ ಅದು ಬೇಕಿತ್ತು. ಎಷ್ಟು ಬೇಕಿತ್ತು ಅಂದ್ರೆ, ಅವತ್ತು ರಾತ್ರಿ ಊಟ ಸೇರಲಿಲ್ಲ. ನನ್ನ ಜೊತೆ ಕೆಲಸಕ್ಕೆ ಸೇರಿದ ಗಂಡಸರು ಒಬ್ಬೊಬ್ಬರಾಗಿ ವಿಭಾಗದ ಮುಖ್ಯಸ್ಥರಾದರು, ಪ್ರಿನ್ಸಿಪಾಲರಾದರು. ನಾನು ಪಾಠ ಮಾಡುತ್ತಲೇ ಉಳಿದೆ. ಅತ್ತೆ ಮನೆ ಕಡೆಯವರಿಗೆ ನಾನು ಬರೀ "ಮೇಡಂ ಕೆಲ್ಸಕ್ ಹೋಗೋಳು". ಮೇಷ್ಟ್ರುಗಳಿಗೇ ಮೇಷ್ಟ್ರಾಗುವ ಈ ಒಂದು ಜಾಗ ಸಿಕ್ಕರೆ ಸಾಕಿತ್ತು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ ಎರಡು ಹೊಸ ರವಿಕೆ ಹೊಲಿಸಿಬಿಟ್ಟೆ.

ಮೊದಲ ಶನಿವಾರ ಗಾಳಿ ಅಂದ್ರೆ ಗಾಳಿ. ಬಸ್ಸಿನ ಕಿಟಕಿ ಗಾಜು ಗಡಗಡ ಅಂತಿತ್ತು. ಮಳೆ ಬರುವ ಹಾಗೆ ಕವಿದು, ಬಾರದೆ ಆಂಧ್ರದ ಕಡೆ ಹೋಗುವ ಮೋಡಗಳು. ತರಬೇತಿ ಕೊಡೋಕೆ ಬಂದವನು ಪವನ್ ಅಂತ, ಮೂವತ್ತರ ಹುಡುಗ, ಮಾತು ಮೃದು. ಬಂದವನೇ, "ನಲವತ್ತೈದು ದಾಟಿದವರು ಎಡಗಡೆ, ಉಳಿದವರು ಬಲಗಡೆ ಕೂತ್ಕೊಳ್ಳಿ. ವಯಸ್ಸಿಗೆ ತಕ್ಕಂತೆ ಕಲಿಕೆಯ ವೇಗ ಬೇರೆ ಇರುತ್ತೆ" ಅಂದ. ನನಗೆ ಮೈಯೆಲ್ಲ ಉರಿದುಹೋಯ್ತು. ಎತ್ತುಗಳನ್ನು ಹಲ್ಲು ನೋಡಿ ಬೇರೆ ಮಾಡ್ತಾರಲ್ಲ, ಹಂಗೆ! "ನಾವೇನ್ ಸಂತೆಗ್ ಬಂದೀವಾ?" ಅಂತ ಪಕ್ಕದವರಿಗೆ ಕೇಳೋ ಹಾಗೆ ಅಂದೆ. ಜೈಬುನ್ ಮೇಡಂ ಆರಾಮಾಗಿ ಎಡಗಡೆ ಹೋಗಿ ಫ್ಯಾನಿನ ಕೆಳಗೆ ಜಾಗ ಹಿಡಿದು, ನನಗೂ ಒಂದು ಕುರ್ಚಿ ಇಟ್ಟುಕೊಂಡಿದ್ದರು.

ಆಮೇಲೆ ಒಂದು ಹಾಳೆ ಕೊಟ್ಟ. ನೀವು ಹೇಗೆ ಚೆನ್ನಾಗಿ ಕಲಿಯುತ್ತೀರಿ? ನೋಡಿಯೋ, ಕೇಳಿಸಿಕೊಂಡೋ, ಬರೆದುಕೊಂಡೋ, ಮಾಡಿಯೋ? ನಾನು ಯೋಚನೆಯೇ ಮಾಡದೆ "ಬರೆದುಕೊಂಡು" ಅನ್ನುವುದಕ್ಕೆ ಗುರುತು ಹಾಕಿದೆ. ಜೈಬುನ್ ಮೇಡಂ ಕೈ ಎತ್ತಿ, "ಬೇಟಾ, ಕೇಳಿ ಕೇಳಿ ತಲೆ ತಿಂದು ಕಲಿಯೋರಿಗೆ ಇಲ್ಲಿ ಜಾಗನೇ ಇಲ್ವಲ್ಲ?" ಅಂದರು. ಹಾಲೆಲ್ಲ ನಕ್ಕಿತು. ಪವನ್ ಕೂಡ ನಕ್ಕು, ಕೆಳಗೆ ಕೈಯಲ್ಲೇ ಬರೆಯಿರಿ ಅಂದ.

ಬಲಗಡೆಯ ಹುಡುಗರು ಹೇಳಿದ್ದನ್ನು ಎರಡು ನಿಮಿಷದಲ್ಲಿ ಮಾಡಿ ಮುಗಿಸಿ ಮೊಬೈಲ್ ನೋಡ್ತಾ ಕೂರೋರು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಹುಡುಗರು, ಬರಬೇಕಾದ್ದೇ. ಉರಿದದ್ದು ಜೈಬುನ್ ಮೇಡಂ ಮೇಲೆ. ಐವತ್ತೇಳು ವರ್ಷದ, ನನಗಿಂತ ದೊಡ್ಡವರಾದ, ಪಾಠದಲ್ಲಿ ಆಕಳಿಕೆ ತರಿಸುವ ಈಕೆ, ಒಂದು ಚೂರು ನಾಚಿಕೆ ಇಲ್ಲದೆ ಕೇಳೋರು. "ಬೇಟಾ, ಇನ್ನೊಂದ್ ಸಲ ತೋರ್ಸು. ಎಲ್ ಒತ್ತಿದೆ? ನಾನ್ ಒತ್ತಿದ್ರೆ ಯಾಕ್ ಬರ್ತಿಲ್ಲ?" ಒಂದೇ ವಿಷಯಕ್ಕೆ ಐದು ಸಲ, ಆರು ಸಲ. ಹುಡುಗರು ಕಿಸಕ್ಕಂದರೂ ಕೇಳೋರು. ತಪ್ಪು ಒತ್ತೋರು, ಎಲ್ಲ ಅಳಿಸಿಹೋದರೆ "ಅರೇ!" ಅಂತ ತಾವೇ ನಗೋರು, ಮತ್ತೆ ಮಾಡೋರು. ಮೂರನೇ ಶನಿವಾರದ ಹೊತ್ತಿಗೆ ಅವರ ಪಾಠ ಕಂಪ್ಯೂಟರಲ್ಲಿ ಕೂತಿತ್ತು. ಪವನ್ ಅದನ್ನ ಪರದೆ ಮೇಲೆ ಹಾಕಿ ಎಲ್ಲರಿಗೂ ತೋರಿಸಿದ.

ನಾನು ಕೇಳಲಿಲ್ಲ. ಗಿರಿಜಾ ಮೇಡಂ ಆದವಳು ಮೂವತ್ತರ ಹುಡುಗನ ಮುಂದೆ ತಿಳೀಲಿಲ್ಲ ಅನ್ನೋದೇ? ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ದುಂಡನೆ ಅಕ್ಷರ, ಕೆಂಪು ಇಂಕಿನಲ್ಲಿ ಅಡಿಗೆರೆ. "ಬಲಗಡೆ ಮೇಲ್ತುದಿಯ ನೀಲಿ ಗುಂಡಿ ಒತ್ತುವುದು." ಮನೆಗೆ ಬಂದು ನೋಡಿದರೆ ಆ ನೀಲಿ ಗುಂಡಿ ಹಸಿರಾಗಿ ಎಡಗಡೆಗೆ ಹೋಗಿ ಕೂತಿರುತ್ತಿತ್ತು! ಅದೇನೋ ತಾನಾಗೇ ಹೊಸದಾಗುತ್ತಂತೆ. ನನ್ನ ನೋಟ್‌ಬುಕ್ಕು ಹೊಸದಾಗಲಿಲ್ಲ. ಸೋಮವಾರ ಸ್ಟಾಫ್ ರೂಮಲ್ಲಿ, "ಆ ಹುಡುಗನಿಗೆ ಹೇಳಿಕೊಡೋಕೆ ಬರಲ್ಲ ಬಿಡ್ರಿ" ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಶ್ರಾವಣ ಮುಗಿಯುವ ಹೊತ್ತಿಗೆ ಎರಡು ಒಳ್ಳೆ ಮಳೆ ಬಿತ್ತು. ದಾರಿಯುದ್ದಕ್ಕೂ ಕಡಲೆಕಾಯಿ ಹೊಲ ಹಳದಿ ಹೂ ಬಿಟ್ಟಿತ್ತು. ನನ್ನಿವಾಳ ಹಳ್ಳಿಯ ನಮ್ಮ ಹೊಲವೂ ಚೆನ್ನಾಗಿದೆ ಅಂತ ಮನೆಯವರು ಖುಷಿಯಲ್ಲಿದ್ದರು. ನನಗೆ ಮಾತ್ರ ಶುಕ್ರವಾರ ಬಂತೆಂದರೆ ನಾಳೆ ಬಸ್ಸು ತಪ್ಪಲಿ ಅನ್ನಿಸೋದು. ಬಸ್ಸಲ್ಲಿ ಜೈಬುನ್ ಮೇಡಂ ಪಕ್ಕದಲ್ಲೇ ಕೂತು, ಹೊಸದಾಗಿ ಕಲಿತದ್ದನ್ನು ಫೋನಿನಲ್ಲಿ ತೋರಿಸೋರು. ನಾನು ಕಿಟಕಿಯಾಚೆ ನೋಡುತ್ತಾ "ಹ್ಞೂಂ, ಹ್ಞೂಂ" ಅನ್ನುತ್ತಿದ್ದೆ. ಬಾಯಲ್ಲಿ ಅವರು, ಮನಸ್ಸಿನಲ್ಲಿ ಅವಳು. ಮುದುಕಿಗೆ ಈಗ ಇದೆಲ್ಲ ಯಾಕೆ ಬೇಕಿತ್ತು, ಮೂರು ವರ್ಷಕ್ಕೆ ರಿಟೈರಾಗೋಳು ಅಂತ ನನ್ನೊಳಗೇ ಬೈದುಕೊಳ್ಳೋಳು ನಾನು.

ಆರನೇ ಶನಿವಾರ ಪವನ್ ಒಂದು ಹೊಸ ಬಗೆಯ ಪಾಠ ತೆಗೆದ. "ನೀವೆಲ್ಲ ವರ್ಷಗಟ್ಟಲೆ ಕಲಿಸೋ ಜಾಗದಲ್ಲೇ ನಿಂತಿದ್ದೀರಿ. ಕಲಿಯೋದು ಹೆಂಗಿರುತ್ತೆ ಅಂತ ಮರೆತುಹೋಗಿದೆ. ಇವತ್ತು ನಿಮಗೆ ಏನೇನೂ ಗೊತ್ತಿಲ್ಲದ ಒಂದು ಕೆಲಸ ಕಲೀರಿ" ಅಂತ ಇಬ್ಬಿಬ್ಬರನ್ನು ಜೋಡಿ ಮಾಡಿ ನೇಯ್ಗೆಯವರ ಮನೆಗೆ ಕಳಿಸಿದ. ನನಗೆ ಜೋಡಿ, ಬೇರೆ ಯಾರು? ಜೈಬುನ್ ಮೇಡಂ.

ನಾವು ಹೋದದ್ದು ವೆಂಕಟಮ್ಮ ಅನ್ನುವವರ ಮನೆಗೆ, ಮನೆಮಾತು ತೆಲುಗು. ಹಿತ್ತಲಲ್ಲಿ ನೂಲು ಕುದೀತಿತ್ತು, ಮನೆ ತುಂಬ ಆ ವಾಸನೆ. ಮಗ್ಗದ ಮೇಲೆ ಒಂದು ಸೀರೆಯ ಹಾಸು, ಅಂದ್ರೆ ಉದ್ದಕ್ಕೆ ಬಿಗಿದ ನೂಲು, ಮುಗಿದಿತ್ತು. ಹೊಸ ನೂಲಿನ ಒಂದೊಂದು ಎಳೆಯನ್ನೂ ಹಳೇ ಎಳೆಯ ತುದಿಗೆ ಹೊಸೆದು ಕೂಡಿಸಬೇಕು. ಸಾವಿರಗಟ್ಟಲೆ ಎಳೆ. ಗಂಟು ಹಾಕೋ ಹಾಗಿಲ್ಲ, ಎರಡು ಬೆರಳಲ್ಲಿ ಹೊಸೆಯೋದು ಅಷ್ಟೇ. ವೆಂಕಟಮ್ಮ ಒಂದು ಸಣ್ಣ ತಟ್ಟೆಯಲ್ಲಿ ಬೂದಿ ತಂದು ನಮ್ಮ ಮುಂದಿಟ್ಟರು.

ಈಗ ನಾನು ಮಾಡಿದ್ದನ್ನು ಕೇಳಿ. ಶಿವಾಚಾರದ ಮನೆಯಲ್ಲಿ ಹುಟ್ಟಿ ಬೆಳೆದವಳು, ತಟ್ಟೆಯಲ್ಲಿ ಬೂದಿ ತಂದಿಟ್ಟರೆ ಕೈ ತಾನಾಗೇ ಹೋಗುತ್ತೆ. ಮೂರು ಬೆರಳು ಅದ್ದಿ ಹಣೆಗೆ ಅಡ್ಡಡ್ಡ ಎಳೆದುಕೊಂಡು, ಕಣ್ಣು ಮುಚ್ಚಿ ಕೈ ಮುಗಿದೆ!

"ಅಯ್ಯೋ ಮೇಡಮ್ಮಾ, ಅದಿ ಒಲೆ ಬೂದಿ! ಎಳೆ ಜಾರಬಾರ್ದು ಅಂತ ಬೆರಳಿಗೆ ಹಚ್ಕಳೋದು!" ಅಂತ ವೆಂಕಟಮ್ಮ ಬಾಯಿಗೆ ಸೆರಗು ಹಿಡಿದರು. ಮನೆಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅದೇ ಹೊತ್ತಿಗೆ ಪವನ್ ಬಾಗಿಲಲ್ಲಿ ಬಂದು ನಿಂತ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಜೈಬುನ್ ಮೇಡಂ ನಗಲಿಲ್ಲ. ತಟಕ್ಕನೆ, "ಕೆಲ್ಸ ಶುರು ಮಾಡೋಕ್ ಮುಂಚೆ ನಮಸ್ಕಾರ ಮಾಡಿದ್ರು. ನಮ್ ಅಬ್ಬಾನೂ ಗ್ಯಾರೇಜಲ್ಲಿ ಪಾನಾ ಸ್ಪ್ಯಾನರ್ ಹಿಡಿಯೋ ಮುಂಚೆ ಕಣ್ಣಿಗೆ ಒತ್ಕೊಳ್ತಿದ್ರು" ಅಂದುಬಿಟ್ಟರು. ಎಲ್ಲರ ನಗು ನಿಂತಿತು. ಪವನ್ ತಲೆದೂಗಿದ. ನನ್ನ ಮಾನ ಉಳಿಸಿದರು ಅಂತ ನಾನು ಅವತ್ತು ಅವರ ಕೈ ಹಿಡಿಯಬೇಕಿತ್ತು. ಆದರೆ ಆ ಉಪಕಾರ ಉರಿಯೋ ಬೆಂಕಿಗೆ ತುಪ್ಪ ಸುರಿದಂತಾಯ್ತು. ಇದರಲ್ಲೂ ಇವಳದೇ ಮೇಲುಗೈಯಾ ಅನ್ನಿಸಿತು.

ನಾನು ನೋಟ್‌ಬುಕ್ ತೆಗೆದು, "ಮೊದಲು ಯಾವ ಬೆರಳು, ಎಷ್ಟು ಸುತ್ತು ಹೇಳಿ" ಅಂದೆ. ವೆಂಕಟಮ್ಮ, "ರಾಸುಕುಂಟೆ ರಾದು ಮೇಡಂ. ಬರ್ಕೊಂಡ್ರೆ ಬರೋ ವಿದ್ಯೆ ಅಲ್ಲ ಇದು, ಬೆರಳಿಗೆ ಗೊತ್ತಾಗ್ಬೇಕು" ಅಂದರು. ಆದರೂ ಬರೆದೆ. ನಾನು ಒಂದು ಪುಟ ಬರೆಯುವಷ್ಟರಲ್ಲಿ ಜೈಬುನ್ ಮೇಡಂ ವೆಂಕಟಮ್ಮನ ಪಕ್ಕ ಮಂಡಿ ಮಡಿಸಿ ಕೂತು ಎಳೆ ಕೂಡಿಸುತ್ತಿದ್ದರು. ಮೊದಲಿನವು ಬಿಚ್ಚಿಹೋದವು. ಬೈಸಿಕೊಂಡರು, ಮತ್ತೆ ಕೇಳಿದರು, ಮತ್ತೆ ಹೊಸೆದರು. ಮಧ್ಯಾಹ್ನಕ್ಕೆ ಅವರು ಕೂಡಿಸಿದ್ದು ಎಳೆದರೂ ಬಿಡಲಿಲ್ಲ. ನಾನು ಕೂಡಿಸಿದ್ದು ವೆಂಕಟಮ್ಮ ಊದಿದರೆ ಬಿಚ್ಚಿಕೊಳ್ಳುತ್ತಿತ್ತು. ಗಾಜಿನ ಬಳೆ ಹಾಕಿದ ಆ ಐವತ್ತೇಳರ ಕೈಯನ್ನೇ ನೋಡುತ್ತಾ ಕೂತೆ. ನನಗೆ ಬೇಕಾದ ಜಾಗ ಆ ಕೈಗೆ ಹೋಗುತ್ತದೆ ಅಂತ ಅವತ್ತೇ ಗೊತ್ತಾಯಿತು.

ಒಂಬತ್ತನೇ ಶನಿವಾರ ಪವನ್ ಇನ್ನೊಂದು ಹಾಳೆ ಹಂಚಿದ. ನಿಮ್ಮ ಜೋಡಿಯವರ ಬಗ್ಗೆ ಬರೆಯಿರಿ. ಇವರು ಬೇರೆಯವರಿಗೆ ತರಬೇತಿ ಕೊಡಲು ತಕ್ಕವರೇ? ಮಡಿಸಿ ಲಕೋಟೆಗೆ ಹಾಕಿ. ಆರಿಸುವವರು ನೋಡುತ್ತಾರೆ, ಅಷ್ಟೇ ಅಂದುಕೊಂಡೆ ನಾನು.

ನಾನು ಬರೆದದ್ದು ನಾಲ್ಕು ಸಾಲು. ಒಂದಕ್ಷರ ಮರೆತಿಲ್ಲ. "ವಯಸ್ಸು ಐವತ್ತೇಳು. ನಿವೃತ್ತಿಗೆ ಮೂರೇ ವರ್ಷ. ಒಂದೇ ವಿಷಯವನ್ನು ಐದಾರು ಸಲ ಕೇಳುತ್ತಾರೆ, ನೆನಪಿನ ಶಕ್ತಿ ಕುಂದಿದೆ. ಈ ಜವಾಬ್ದಾರಿ ಅವರಿಗೆ ಭಾರವಾಗಬಹುದು." ವಯಸ್ಸು ನೋಡಿ ಎಡಗಡೆ ಕೂರಿಸಿದ್ದಕ್ಕೆ ಸಂತೆ ಎತ್ತು ಅಂತ ಗೊಣಗಿದವಳು ನಾನೇ ತಾನೆ? ಅದೇ ವಯಸ್ಸನ್ನ ಚಾಕು ಮಾಡಿಕೊಂಡೆ. ಅಕ್ಷರ ಎಂದಿನಂತೆ ದುಂಡಗೇ ಬಂದವು.

ಕೊನೆಯ ಶನಿವಾರ ಹೆಸರು ಓದಿದರು. ನಮ್ಮ ಕಾಲೇಜಿಂದ ಗಿರಿಜಾ. ಚಪ್ಪಾಳೆ ಬಿತ್ತು. ಎದೆ ತುಂಬಿ ಕುರ್ಚಿಯಿಂದ ಏಳುವಷ್ಟರಲ್ಲಿ ಪವನ್ ಹೇಳಿದ, "ನಿಮ್ಮ ಬಗ್ಗೆ ನಿಮ್ಮ ಜೋಡಿಯವರು ಬರೆದ ಹಾಳೆ ಈಗ ನಿಮ್ಮ ಕೈಗೇ ಕೊಡ್ತಿದ್ದೀನಿ. ಓದಿ ತಿದ್ದಿಕೊಳ್ಳೋಕೆ ಅನುಕೂಲ ಆಗ್ಲಿ ಅಂತ." ನಾನು ಮತ್ತೆ ಕುರ್ಚಿಗೆ ಕೂತೆ. ಕೈಗೆ ಬಂದ ಹಾಳೆಯಲ್ಲಿ ಜೈಬುನ್ ಮೇಡಂ ಅವರ ವಾರೆ ಅಕ್ಷರ. "ಗಿರಿಜಮ್ಮ ಹೇಳಿದರೆ ಕಲ್ಲಿಗೂ ತಿಳಿಯುತ್ತದೆ. ಕೈ ಸ್ವಲ್ಪ ಹೆದರುತ್ತದೆ. ಜೊತೆಗೆ ಯಾರಾದರೂ ಕೂತರೆ ಅದೂ ಹೋಗುತ್ತದೆ." ತಲೆ ಎತ್ತಿ ಪಕ್ಕಕ್ಕೆ ನೋಡಿದೆ. ಅವರು ನನ್ನ ನಾಲ್ಕು ಸಾಲನ್ನು ಓದುತ್ತಿದ್ದರು. ಹೆಸರು ಬರೆದಿರಲಿಲ್ಲ, ಆದರೆ ಜೋಡಿ ನಾನೊಬ್ಬಳೇ. ಆ ದುಂಡನೆ ಅಕ್ಷರ ಇಪ್ಪತ್ತೆರಡು ವರ್ಷದಿಂದ ಅವರು ನೋಡಿದ್ದೇ. ಓದಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡರು. "ಮುಬಾರಕ್ ಗಿರಿಜಮ್ಮ. ನಡೀರಿ, ಬಸ್ ಬಂದ್ಬಿಡ್ತದೆ" ಅಂದರು.

ಬಸ್ಸಲ್ಲಿ ಅದೇ ಸೀಟು. ಹೂ ಉದುರಿ ಕಾಯಿ ಕಟ್ಟುತ್ತಿದ್ದ ಕಡಲೆಕಾಯಿ ಹೊಲಗಳು ಹಿಂದಕ್ಕೆ ಹೋಗ್ತಿದ್ದವು. ಅರ್ಧ ದಾರಿ ನಾನು ಆ ಹೊಲಗಳನ್ನೇ ಎಣಿಸಿದೆ. ಅವರೇ ಮಾತು ಶುರು ಮಾಡಿದರು.

"ಐದಾರು ಸಲ ಕೇಳಿದ್ದು ನಿಜ ಗಿರಿಜಮ್ಮ. ಆದ್ರೆ ನನಗೆ ಎರಡು ಸಲಕ್ಕೇ ತಿಳೀತಿತ್ತು."

"ಮತ್ತೆ?" ಅಂದೆ.

"ನಿಮ್ ಪೆನ್ನು ನಿಂತ್ಬಿಡ್ತಿತ್ತು. ನಿಮಗೆ ತಿಳೀಲಿಲ್ಲ ಅಂತ ನನಗೆ ಗೊತ್ತಾಗ್ತಿತ್ತು. ನೀವಂತೂ ಬಾಯಿ ಬಿಡಲ್ಲ. ಅದಕ್ಕೆ ನಾನೇ ದಡ್ಡಿ ಆಗಿ ಇನ್ನೊಂದ್ಸಲ ಕೇಳ್ತಿದ್ದೆ, ನೀವು ಬರ್ಕೊಳ್ಳಲಿ ಅಂತ."

ಚಳ್ಳಕೆರೆಯಲ್ಲಿ ಇಳಿಯುವಾಗ "ಬರ್ತೀನಿ" ಅಂತ ಅವರು ಹೊರಟರು. ತಪ್ಪಾಯ್ತು ಅನ್ನುವ ಮೂರಕ್ಷರ ನಾನು ಹೇಳಲಿಲ್ಲ. ಹೇಳಿದರೆ ನಂಬುತ್ತೀರೋ ಇಲ್ಲವೋ, ಅವತ್ತು ರಿಕ್ಷಾದಲ್ಲಿ ಮನೆಗೆ ಹೋಗುವಾಗಲೂ ನನಗೆ ಹೊಟ್ಟೆ ಉರೀತಾನೇ ಇತ್ತು. ಈಗ ಅವರ ಒಳ್ಳೆತನದ ಮೇಲೆ. ಇಷ್ಟು ದೊಡ್ಡ ಮನಸ್ಸು ಇವರಿಗೇ ಯಾಕೆ ಕೊಟ್ಟ ಆ ಶಿವ, ನನಗೆ ಒಂದು ಹಿಡಿ ಕೊಟ್ಟಿದ್ದರೆ ಅವನ ಗಂಟೇನು ಹೋಗ್ತಿತ್ತು?

ಮುಂದಿನ ವಾರ ನಮ್ಮ ಕಾಲೇಜಲ್ಲಿ ನನ್ನ ಮೊದಲ ತರಬೇತಿ. ಮೂವತ್ತು ಜನ ಅಧ್ಯಾಪಕರು, ಪ್ರಿನ್ಸಿಪಾಲರು ಮುಂದಿನ ಸಾಲಲ್ಲಿ, ನಾನು ಹೊಸ ರವಿಕೆಯಲ್ಲಿ. ಮಾತು ಚೆನ್ನಾಗೇ ಶುರುವಾಯ್ತು, ಮಾತು ನನಗೆ ಯಾವತ್ತೂ ಕೈಕೊಟ್ಟಿಲ್ಲ. ಪಾಠ ಏರಿಸಿ ತೋರಿಸುವ ಹೊತ್ತು ಬಂತು. ನೋಟ್‌ಬುಕ್ಕಿನಲ್ಲಿದ್ದ ಗುಂಡಿ ಪರದೆ ಮೇಲೆ ಇರಲಿಲ್ಲ. ಇನ್ನೊಂದು ಒತ್ತಿದೆ, ಎಲ್ಲಾ ಮಾಯವಾಯ್ತು. ಹಾಲಲ್ಲಿ ಯಾರೂ ನಗಲಿಲ್ಲ, ಯಾರೂ ಏನೂ ಕೇಳಲೂ ಇಲ್ಲ. ಐವತ್ತು ದಾಟಿದ ಹತ್ತು ಹದಿನೈದು ಮಂದಿ ಥೇಟ್ ನನ್ನ ಹಾಗೇ ಪೆನ್ನು ನಿಲ್ಲಿಸಿಕೊಂಡು, ತಿಳಿದವರ ಹಾಗೆ ತಲೆ ಆಡಿಸುತ್ತಾ ಕೂತಿದ್ದರು. ಜೈಬುನ್ ಮೇಡಂ ಮೂರನೇ ಸಾಲಲ್ಲಿ ಕೈ ಎತ್ತಲು ಹೊರಟರು. ಮತ್ತೆ ನನಗೋಸ್ಕರ ದಡ್ಡಿಯಾಗೋಕೆ.

ಅದನ್ನು ನನಗೆ ನೋಡಲಾಗಲಿಲ್ಲ. "ಜೈಬುನ್ ಮೇಡಂ, ಕೈ ಇಳಿಸಿ" ಅಂದೆ, ಮೈಕಿನಲ್ಲೇ. "ನನಗೆ ಇದು ಬರಲ್ಲ. ಹತ್ತು ವಾರ ಕೂತು ಬಂದ್ರೂ ಬರಲ್ಲ. ನಿಮಗೆ ಬರ್ತದೆ. ಬಂದು ತೋರಿಸಿಕೊಡಿ."

ಪ್ರಿನ್ಸಿಪಾಲರು ಕುರ್ಚಿಯಲ್ಲಿ ಸರಿದು ಕೂತರು. ಜೈಬುನ್ ಮೇಡಂ ಮೇಲೆ ಬಂದರು. ತಾವು ಮಾಡಲಿಲ್ಲ. ನನ್ನನ್ನು ಕೂರಿಸಿ, ನನ್ನ ಕೈ ಹಿಡಿದು, ಎಲ್ಲೆಲ್ಲಿ ಒತ್ತಬೇಕೋ ಅಲ್ಲಲ್ಲಿ ನನ್ನ ಬೆರಳಲ್ಲೇ ಒತ್ತಿಸಿದರು. ಎರಡು ಸಲ ತಪ್ಪಿತು, ಮೂರನೇ ಸಲಕ್ಕೆ ಬಂತು. ಆಮೇಲೆ ಎಲ್ಲರೂ ಎದ್ದು ಬಂದು ಅವರನ್ನು ಮುತ್ತಿಕೊಂಡು, "ನನಗೆ ತೋರ್ಸಿ ಮೇಡಂ, ನನಗೆ ತೋರ್ಸಿ" ಅಂದರು. ಐವತ್ತರವರೂ ಕೇಳಿದರು. ನಾನು ಬೋರ್ಡಿನ ಪಕ್ಕ ಒಬ್ಬಳೇ ನಿಂತಿದ್ದೆ. ಖುಷಿಯಾಯ್ತು ಅಂದರೆ ಸುಳ್ಳಾಗುತ್ತೆ.

ಎಲ್ಲ ಹೋದ ಮೇಲೆ ಹಾಲಿನ ಫ್ಯಾನು ಆರಿಸುತ್ತಾ, ನನ್ನ ಕಡೆ ತಿರುಗದೆ ಜೈಬುನ್ ಮೇಡಂ ಹೇಳಿದರು: "ಆ ಜಾಗ ನನಗೂ ಬೇಕಿತ್ತು ಗಿರಿಜಮ್ಮ. ತುಂಬಾ ಬೇಕಿತ್ತು. ಆದ್ರೂ ನಿಮಗೆ ಬೇಕು ಅಂತ ನನ್ನ ಹತ್ರ ಒಂದು ಮಾತು ಹೇಳಿದ್ರೆ ಬಿಟ್ಟುಕೊಡ್ತಿದ್ನಲ್ರೀ. ಅಷ್ಟೆಲ್ಲ ಯಾಕ್ ಬರೆಯೋಕೆ ಹೋದ್ರಿ?"